ಬೈರಾಗಿ ಹೇಳಿದ ಮಾತು

ನಮ್ಮೂರಿನಲ್ಲಿ ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುತ್ತದೆ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಅನ್ನುತ್ತಾರಂತೆ, ಪುಣ್ಯವಂತರು. ಇಲ್ಲಿ ಒಂದು ಸಲ ಬಿಕ್ಕಿದರೆ ಸಾಕು, ಪಕ್ಕದವರು ತಿರುಗಿ ನೋಡುತ್ತಾರೆ, ನೀರಿನ ಚೊಂಬನ್ನು ಮುಂದಕ್ಕೆ ತಳ್ಳುತ್ತಾರೆ, ಆಮೇಲೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ತಾನೇ ನಂಬದ ಮಾತನ್ನು ಬಾಯಲ್ಲಿ ಹೇಳಿದರೂ ಬರುತ್ತದೆ, ಕೈಯಲ್ಲಿ ಬರೆದರೂ ಬರುತ್ತದೆ. ಅದಕ್ಕೇ ನಮ್ಮ ಸೀರೆ ಅಂಗಡಿಯವರು ಬಣ್ಣ ಹೋಗುವುದಿಲ್ಲ ಅನ್ನುವುದಿಲ್ಲ, ಒಗೆದು ನೋಡಿ ಅನ್ನುತ್ತಾರೆ. ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ. ನಾಳೆಯ ಮಾತಿಗೆಲ್ಲ ಒಂದು ‘ಬಹುದು’ ಸೇರಿಸಿಕೊಂಡು ಆಡುತ್ತೇವೆ. ಮಕ್ಕಳಿಗೆ ಕಥೆ ಹೇಳುವ ರೂಢಿಯೇ ನಮ್ಮಲ್ಲಿಲ್ಲ. ಒಂದೂರಿನಲ್ಲಿ ಒಬ್ಬ ರಾಜ ಇದ್ದ ಅಂದರೆ ಸಾಕು, ಅಜ್ಜಿಯ ಕುತ್ತಿಗೆ ಜಗ್ಗುತ್ತದೆ. ಊಟ ಮಾಡದ ಮಗುವಿಗೆ ಗುಮ್ಮ ಬರುತ್ತಾನೆ ಅಂತ ಹೆದರಿಸುವ ಹಾಗೂ ಇಲ್ಲ.

ನನ್ನ ಹೆಸರು ರುದ್ರಮುನಿ. ಕುಕ್ಕರು, ಗ್ಯಾಸ್ ಒಲೆ ರಿಪೇರಿ ಮಾಡುತ್ತೇನೆ. ಸರಿಹೋಯಿತಾ ಅಂತ ಗಿರಾಕಿ ಕೇಳಿದರೆ ಇವತ್ತಿಗೆ ಸರಿಹೋಗಿದೆ ಅನ್ನುತ್ತೇನೆ. ನನ್ನ ಹೆಂಡತಿ ಸರ್ವಮಂಗಳ ಮನೆಮನೆಗೆ ಹೂ ಕೊಡುತ್ತಿದ್ದಳು. ಅವಳ ನಡಿಗೆ ಅಂದರೆ ನಡಿಗೆ! ಜೊತೆಗೆ ಹೊರಟರೆ ನಾನು ಏದುಸಿರು ಬಿಡುತ್ತಾ ಹಿಂದೆ ಓಡಬೇಕಿತ್ತು. ಇದು ನಿನ್ನೆಯ ಮಲ್ಲಿಗೆ ಕಣಮ್ಮ, ಸಂಜೆಗೆ ಬಾಡುತ್ತೆ ಅಂತ ಹೇಳಿಯೇ ಮಾರುತ್ತಿದ್ದಳು. ಹೋದ ವರ್ಷ ಶ್ರಾವಣದಲ್ಲಿ ಹೂ ಕಟ್ಟುತ್ತಾ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಮಾತ್ರ ಉಳಿಯಿತು, ದೇವರು ದೊಡ್ಡವನು.

ಡಾಕ್ಟರು ಪಾಂಡುರಂಗ ಅವರು ಒಳ್ಳೆಯ ಮನುಷ್ಯ. ಆದರೆ ಅವರೂ ನಮ್ಮೂರಿನವರೇ ತಾನೆ? “ಡಾಕ್ಟ್ರೇ, ನಾನು ಮತ್ತೆ ನಡೀತೀನಾ?” ಅಂತ ಮಂಗಳ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, “ನನಗೆ ಹಂಗೆ ಅನ್ನಿಸಲ್ಲಮ್ಮ” ಅಂದರು. ಬಿಕ್ಕಳಿಕೆ ಬರಬಹುದೇನೋ ಅಂತ ನಾನೂ ಅವಳೂ ಅವರ ಗಂಟಲನ್ನೇ ನೋಡುತ್ತಾ ಕೂತೆವು. ಬರಲಿಲ್ಲ. ಅವತ್ತಿನಿಂದ ಅವಳು ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ತಟ್ಟೆ ಇಟ್ಟರೆ ಹಾಗೇ ವಾಪಸು. ಕಾಲಿಗೆ ವ್ಯಾಯಾಮ ಮಾಡಿಸಲು ಬಂದ ಹೆಂಗಸನ್ನು, “ಯಾಕಮ್ಮ ನಿನಗೂ ಸುಮ್ನೆ ತೊಂದ್ರೆ?” ಅಂತ ಕಳಿಸಿಬಿಟ್ಟಳು. ಒಂದು ಒಳ್ಳೆಯ ಮಾತು ಹೇಳೋಣವೆಂದರೆ ನನಗೆ ಬಾಯಿ ಬರುತ್ತಿರಲಿಲ್ಲ. ಎಲ್ಲ ಸರಿಹೋಗುತ್ತೆ ಮಂಗಳಾ ಅನ್ನಲು ಹೋಗಿ, ಎಲ್ಲಿ ಬಿಕ್ಕಿಬಿಡುತ್ತೇನೋ ಅಂತ ಹೆದರಿ, ನೀರು ಬೇಕಾ ಅಂತ ಕೇಳಿ ಎದ್ದು ಬರುತ್ತಿದ್ದೆ.

ಆ ಹೊತ್ತಿಗೆ ಊರಿಗೆ ‘ಹನ್ನೆರಡು ಕೋಟೆ’ ಬಂತು. ಫೋನಿನಲ್ಲಿ ಆಡುವ ಆಟ. ಎಲ್ಲೆಲ್ಲಿಯವರೋ ಸೇರಿ ಆಡುತ್ತಾರೆ. ಒಳಗೆ ಹೋಗುವಾಗ ಒಂದು ಹೊಸ ಹೆಸರು, ಹೊಸ ಮುಖ, ಒಂದು ಕಸುಬು ಆರಿಸಿಕೊಳ್ಳಬೇಕು. ಸೈನಿಕ, ಕಮ್ಮಾರ, ಕಳ್ಳ, ರಾಣಿ, ಏನು ಬೇಕಾದರೂ. ಆಮೇಲೆ ಆ ಕೋಟೆಗಳಲ್ಲಿ, ಕಾಡುಗಳಲ್ಲಿ ಸುತ್ತುತ್ತಾ ಎದುರಿಗೆ ಸಿಕ್ಕವರ ಜೊತೆ ಬರೆದು ಮಾತಾಡಬಹುದು. ಮೊದಲ ದಿನ ಊರಿನವರೆಲ್ಲ ಪಕ್ಕದಲ್ಲಿ ಚೊಂಬು ಇಟ್ಟುಕೊಂಡೇ ಕೂತಿದ್ದರು. ನಾನು ಈ ಕೋಟೆಯ ದಂಡನಾಯಕ ಅಂತ ಒಬ್ಬರು ಬರೆದರು. ಬಿಕ್ಕಳಿಕೆ ಬರಲಿಲ್ಲ! ಯಾಕೆ ಬರಲಿಲ್ಲ ಅಂತ ನನ್ನನ್ನು ಕೇಳಬೇಡಿ. ಅಲ್ಲಿ ಮಾತಾಡುವವನು ತಾನಲ್ಲ, ದಂಡನಾಯಕ ಅಂತ ಇರಬಹುದು. ವಾರ ಕಳೆಯುವುದರೊಳಗೆ ಊರಿಗೆ ಊರೇ ಫೋನಿಗೆ ಮುಖ ಹುದುಗಿಸಿ ತನ್ನಷ್ಟಕ್ಕೆ ತಾನು ನಗುತ್ತಾ ಕೂತಿತ್ತು. ಹಾಲು ಉಕ್ಕಿದರೂ ಕೇಳುವವರಿಲ್ಲ.

ನನ್ನ ತಂಗಿ ಬಂದವಳು ಮಂಗಳನ ಫೋನಿಗೂ ಆಟ ಹಾಕಿಕೊಟ್ಟು ಹೋದಳು. ಮಂಗಳ ಅಲ್ಲಿ ಸಂಪಿಗೆ ಅಂತ ಹೆಸರಿಟ್ಟುಕೊಂಡು ಓಲೆ ಹಂಚುವವಳಾದಳು. ಕುದುರೆ ಏರಿ ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಓಲೆ ಮುಟ್ಟಿಸುವುದು ಅವಳ ಕೆಲಸ. ಬಲಗೈ ಹೆಬ್ಬೆರಳೊಂದೇ ಸಾಕಿತ್ತು. ಗೋಡೆ ಕಡೆ ತಿರುಗಿದ್ದ ಮುಖ ಫೋನಿನ ಕಡೆ ತಿರುಗಿತು. ಆದರೆ ಊಟ ಮಾತ್ರ ಅಷ್ಟಕ್ಕಷ್ಟೇ. ಇವಳು ಅಲ್ಲಿ ಏನು ಮಾಡುತ್ತಾಳೆ ನೋಡೋಣ ಅಂತ ಮಧ್ಯಾಹ್ನ ಅಂಗಡಿಯಲ್ಲಿ ಕೂತು ನಾನೂ ಒಳಗೆ ಹೋದೆ. ಹೇಳಲಿಲ್ಲ ಅವಳಿಗೆ. ನೀವೂ ಆಡ್ತೀರಾ ಅಂತ ಅವಳು ಕೇಳಲೂ ಇಲ್ಲ, ನಾನು ಬಚಾವಾದೆ. ಉದ್ದ ಗಡ್ಡ ಬಿಟ್ಟು, ಒಂದು ಜೋಳಿಗೆ ಹಾಕಿಕೊಂಡು ಬೈರಾಗಿಯಾದೆ. ಮೂರನೆಯ ಕೋಟೆಯ ಬಾವಿ ಹತ್ತಿರ ಅವಳು ಕುದುರೆಗೆ ನೀರು ಕುಡಿಸುತ್ತಿದ್ದಳು. ಅದೂ ಇದೂ ಮಾತಾದ ಮೇಲೆ ಅವಳು ಬರೆದಳು: “ಸ್ವಾಮೀ, ಹೊರಗೆ ನನ್ನ ಕಾಲು ಬಿದ್ದುಹೋಗಿದೆ. ನಾನು ಮತ್ತೆ ನಡೆಯುತ್ತೇನೆಯೇ?”

ರಿಪೇರಿಗೆ ಬಂದ ಕುಕ್ಕರು ಪಕ್ಕಕ್ಕೆ ಸರಿಸಿ, ಚೊಂಬು ಹತ್ತಿರ ಎಳೆದುಕೊಂಡು ಬರೆದೆ: “ನಡೆಯುತ್ತೀಯ ತಾಯಿ. ಹೊಟ್ಟೆ ತುಂಬ ಉಣ್ಣು. ಬೆಳಿಗ್ಗೆ, ಸಂಜೆ ಆ ಕಾಲನ್ನು ಎತ್ತಲು ನೋಡು. ನಡೆದೇ ನಡೆಯುತ್ತೀಯ.”

ಬಿಕ್ಕಳಿಕೆ ಬರಲಿಲ್ಲ. ಅವತ್ತು ಮನೆಗೆ ಹೋದಾಗ ಮಂಗಳ, “ಇನ್ನೊಂದು ಮುದ್ದೆ ಹಾಕ್ರಿ” ಅಂದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ವ್ಯಾಯಾಮದ ಹೆಂಗಸು ಮತ್ತೆ ಬರತೊಡಗಿದಳು. ಮಂಗಳ ಹಲ್ಲು ಕಚ್ಚಿಕೊಂಡು ದಿನವೂ ಕಾಲೆತ್ತಲು ನೋಡುತ್ತಿದ್ದಳು. ಕಾಲು ಏಳಲಿಲ್ಲ. ಆದರೆ ಯುಗಾದಿಯ ಹೊತ್ತಿಗೆ ಆ ಕಾಲಿನ ಹೆಬ್ಬೆರಳು ಅಲ್ಲಾಡಿತು. “ನೋಡ್ರೀ, ನೋಡ್ರೀ!” ಅಂತ ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಗಿರಿಜಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನನಗೆ ಸಂತೋಷದ ಜೊತೆಗೇ ಹೆದರಿಕೆಯೂ ಶುರುವಾಯಿತು. ಮಂಗಳ ಆ ಬೈರಾಗಿಯನ್ನು ದೊಡ್ಡ ಜ್ಞಾನಿ ಅಂತ ನಂಬಿದ್ದಳು. ಹುಟ್ಟಿದಂದಿನಿಂದ ಯಾರೂ ಒಂದು ಸುಳ್ಳನ್ನು ಅವಳಿಗೆ ಹೇಳಿ ದಕ್ಕಿಸಿಕೊಂಡಿಲ್ಲ. ಎದುರಿಗಿನವನು ಬಿಕ್ಕಿದ್ದು ಕೇಳದಿದ್ದರೆ, ಆಟದಲ್ಲಾದರೂ ಸರಿ, ಅವನು ಹೇಳಿದ್ದು ನಿಜ, ಅಷ್ಟೇ ಅವಳಿಗೆ ಗೊತ್ತು. ನಮ್ಮೂರಿನವರಿಗೆಲ್ಲ ಅಷ್ಟೇ ಗೊತ್ತು.

ಎಡವಟ್ಟಾದದ್ದೂ ಅಲ್ಲೇ. ಗಿರಿಜಕ್ಕನ ಮಗಳು ಸಿಂಚನಾಳಿಗೆ ಆಟದಲ್ಲಿ ಒಬ್ಬ ರಾಜಕುಮಾರ ಸಿಕ್ಕಿದ. ಯಾವ ಊರಿನವನೋ ಏನೋ. ಸೋಮವಾರ ನಿಮ್ಮೂರಿಗೆ ಬಿಳಿ ಕುದುರೆ ಮೇಲೆ ಬರುತ್ತೇನೆ, ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಅಂದನಂತೆ. ಬೇರೆ ಊರಿನ ಹುಡುಗಿಯಾದರೆ ನಕ್ಕು ಸುಮ್ಮನಾಗುತ್ತಿದ್ದಳು. ಇವಳು ಬಟ್ಟೆ ತುಂಬಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂತಳು. ಕುದುರೆಗೆ ಅಂತ ಒಂದು ಕಟ್ಟು ಹುಲ್ಲನ್ನೂ ತೆಗೆದುಕೊಂಡು ಹೋಗಿದ್ದಳು. ಬಿಸಿಲು ಇಳಿಯುವವರೆಗೆ ಕೂತಿದ್ದವಳನ್ನು ಗಿರಿಜಕ್ಕ ಕೈಹಿಡಿದು ಎಳೆದುಕೊಂಡು ಬಂದಳು. ಹುಡುಗಿ ಜ್ವರ ಬಂದು ಮಲಗಿದಳು. “ಅಮ್ಮಾ, ಕುದುರೆಗೆ ದಾರಿಯಲ್ಲಿ ಏನಾದ್ರೂ ಆಗಿರಬಹುದಾ?” ಅಂತ ಜ್ವರದಲ್ಲೂ ಕೇಳುತ್ತಿದ್ದಳಂತೆ.

ಗಿರಿಜಕ್ಕ ಸುಮ್ಮನಿರುವ ಪೈಕಿಯಲ್ಲ. ಸೀದಾ ಊರಸಭೆಯ ಅಧ್ಯಕ್ಷರಾದ ಹಾಲಪ್ಪನವರ ಅಂಗಡಿಗೆ ಹೋಗಿ ಕೂತಳು. ಹನ್ನೆರಡು ಕೋಟೆಯನ್ನು ಊರಿನಿಂದ ಓಡಿಸಬೇಕು ಅಂತ ಠರಾವು ತಂದಳು. ಹಾಲಪ್ಪನವರು ವಿಚಾರಿಸಿದರು, ಟವರಿನಲ್ಲೇ ಅದನ್ನು ತಡೆಯಬಹುದಂತೆ. ನಮ್ಮಲ್ಲಿ ಠರಾವಿಗೆ ಕೈಯೆತ್ತುವ ಪದ್ಧತಿಯಿಲ್ಲ. ತಂದವರು ಸಭೆಯ ಮುಂದೆ ನಿಂತು ಆ ಮಾತನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು. ಬಿಕ್ಕದೆ ಹೇಳಿದರೆ ಠರಾವು ಗೆದ್ದಂತೆ. ಅದಕ್ಕೆ ಮೊದಲು ಬೇಡ ಅನ್ನುವವರು ಎದ್ದು ತಮ್ಮ ಮಾತು ಹೇಳಿಕೊಳ್ಳಬಹುದು. ಗಿರಿಜಕ್ಕನ ಠರಾವು ಇಷ್ಟೇ: ಈ ಆಟದಿಂದ ನಮ್ಮೂರಿಗೆ ಕೆಡುಕಾಗಿದೆ, ಒಳಿತಾಗಿಲ್ಲ.

ಸುದ್ದಿ ಕೇಳಿ ಕೈಯಲ್ಲಿದ್ದ ಕುಕ್ಕರು ಕೆಳಗಿಟ್ಟೆ. ಆಟ ಹೋದರೆ ಬೈರಾಗಿ ಹೋಗುತ್ತಾನೆ, ಬೈರಾಗಿ ಹೋದರೆ ಮಂಗಳ ಮತ್ತೆ ಗೋಡೆ ಕಡೆ ತಿರುಗುತ್ತಾಳೆ. ಸಭೆಯಲ್ಲಿ ಎದ್ದು ಏನಾದರೂ ಹೇಳಲೇಬೇಕು. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ಚೊಂಬು ಇಟ್ಟುಕೊಂಡು ಅಭ್ಯಾಸ ಮಾಡಿದೆ. ಆಟದಿಂದ ಯಾರಿಗೂ ತೊಂದರೆಯಿಲ್ಲ ಅಂದೆ. ಬಿಕ್ಕಳಿಕೆ. ಅದು ಬರೀ ಕಾಲಹರಣ ಅಂದೆ. ಬಿಕ್ಕಳಿಕೆ. ತಿಳಿದವರು ಮೋಸಹೋಗುವುದಿಲ್ಲ ಅಂದೆ. ಎರಡು ಸಲ ಬಂತು. ಕುಡಿದ ನೀರಿಗೆ ಹೊಟ್ಟೆ ಉಬ್ಬರಿಸಿತು. ಬಿಕ್ಕದೆ ಹೇಳಲು ಬಂದ ಮಾತು ಒಂದೇ: ಅಲ್ಲಿ ನಾನು ಸುಳ್ಳು ಹೇಳಿದೆ, ನನ್ನ ಹೆಂಡತಿ ಊಟ ಮಾಡಿದಳು. ಆಟವನ್ನು ಉಳಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಅದನ್ನು ಹೇಳಿದರೆ ಆಟ ಉಳಿದೂ ಪ್ರಯೋಜನವಿಲ್ಲ. ನಾಳೆ ಬೆಳಿಗ್ಗೆಗೆ ಆ ಮಾತು ಮಂಗಳನ ಕಿವಿಗೆ ಬೀಳದೆ ಇರುತ್ತದೆಯೇ? ತಲೆ ಮೇಲೆ ಕೈಹೊತ್ತು ಕೂತೆ.

ಸಭೆಯ ದಿನ ಮಂಗಳನಿಗೆ, “ನೀನು ಬರೋದು ಬೇಡ, ಅಲ್ಲಿ ಧೂಳು” ಅಂದೆ. ಧೂಳು ಇದ್ದದ್ದು ನಿಜ, ಬಚಾವಾದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಹೋಗಿ ಮುಂದಿನ ಬೆಂಚಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರೆ ಹಿಂದಿನಿಂದ ಗಾಲಿಕುರ್ಚಿಯ ಕಿರ್ರ್ ಅನ್ನುವ ಸದ್ದು ಕೇಳಿತು. ಆ ಸದ್ದು ನನಗೆ ಗೊತ್ತು, ಎಣ್ಣೆ ಬಿಡಬೇಕು ಬಿಡಬೇಕು ಅಂತ ಬಿಟ್ಟಿರಲಿಲ್ಲ. ತಿರುಗಿ ನೋಡಿದರೆ ಮಂಗಳ. ಕುರ್ಚಿ ತಳ್ಳುತ್ತಿದ್ದವಳು ಗಿರಿಜಕ್ಕನೇ!

“ಏನ್ ಹಂಗ್ ನೋಡ್ತೀಯ?” ಅಂದಳು ಗಿರಿಜಕ್ಕ. “ಇವಳು ಆಟದ ಪರವಾಗಿ ಮಾತಾಡ್ಬೇಕಂತೆ. ಜಗಳ ಆಡೋಕೆ ಇಬ್ರೂ ಒಂದೇ ಕಡೆ ಹೋಗ್ತಿದ್ದೀವಿ, ಜೊತೆಗೇ ಹೋಗೋಣ ಬಾ ಅಂದೆ.”

ಮಂಗಳನ ಕುರ್ಚಿ ಹಿಂದಿನ ಸಾಲಿನ ಪಕ್ಕ ನಿಂತಿತು.

ಮೊದಲು ಗಿರಿಜಕ್ಕ ಎದ್ದಳು. ಮಗಳು ಬಸ್ ಸ್ಟ್ಯಾಂಡಿನಲ್ಲಿ ಕೂತದ್ದು, ಹುಲ್ಲಿನ ಕಟ್ಟು, ಜ್ವರ ಎಲ್ಲ ಹೇಳಿದಳು. “ನಮ್ಮ ಮಕ್ಳಿಗೆ ಸುಳ್ಳು ಅಂದ್ರೆ ಹೆಂಗಿರುತ್ತೆ ಅಂತ್ಲೇ ಗೊತ್ತಿಲ್ಲ. ಈಜು ಬರದ ಮಕ್ಳನ್ನ ಬಾವಿಗೆ ತಳ್ಳಿದ ಹಂಗಾಯ್ತು. ಆ ರಾಜಕುಮಾರ ನನ್ನ ಕೈಗೆ ಸಿಕ್ಕಿದ್ರೆ ಅವನ ಕುದುರೆ ಹುಲ್ಲು ಅವನಿಗೇ ತಿನ್ನಿಸ್ತಿದ್ದೆ” ಅಂದಳು. ಒಂದು ಮಾತಿಗೂ ಬಿಕ್ಕಲಿಲ್ಲ. ಬಿಕ್ಕುವುದಕ್ಕೆ ಅದರಲ್ಲಿ ಸುಳ್ಳೇನಿತ್ತು? ಮೂಲೆಯಲ್ಲಿದ್ದ, ಆಟದಲ್ಲಿ ದಂಡನಾಯಕರಾಗಿದ್ದವರು ಎದ್ದು, “ಅಯ್ಯೋ, ಅದು ಬರೀ ಆಟ ಕಣಮ್ಮ” ಅಂದು ಜೋರಾಗಿ ಬಿಕ್ಕಿದರು. ಸಭೆ ನಕ್ಕಿತು. ಅವರು ಕೂತುಬಿಟ್ಟರು. ಆಮೇಲೆ ಯಾರೂ ಏಳಲಿಲ್ಲ. ದಿನವಿಡೀ ಆಡುವವರೇ ಅರ್ಧ ಸಭೆ ಇದ್ದರೂ ಎಲ್ಲರೂ ನೆಲ ನೋಡುತ್ತಿದ್ದರು.

ನಾನು ಎದ್ದೆ. “ಗಿರಿಜಕ್ಕ ಹೇಳಿದ್ದೆಲ್ಲ ನಿಜ” ಅಂದೆ.

“ಮತ್ತೆ ಎದ್ದಿದ್ದು ಯಾಕಪ್ಪ?” ಅಂದರು ಹಾಲಪ್ಪನವರು. ಮತ್ತೆ ನಗು.

“ಒಳ್ಳೇದೂ ಆಗಿದೆ.”

ಎಲ್ಲರೂ ಕಾದರು. ಬಿಕ್ಕಳಿಕೆ ಇಲ್ಲ. ಹಾಲಪ್ಪನವರು ಮುಂದಕ್ಕೆ ಬಾಗಿದರು. “ಯಾರಿಗೆ ಆಗಿದೆ? ಏನ್ ಒಳ್ಳೇದು? ಬಿಡಿಸಿ ಹೇಳು.”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಂಗಳ, “ನಂಗೆ ಆಗಿದೆ” ಅಂದಳು. ಬಲಗೈಯಲ್ಲಿ ಕುರ್ಚಿಯ ಹಿಡಿ ಹಿಡಿದು ಎಷ್ಟಾಗುತ್ತದೋ ಅಷ್ಟು ನೆಟ್ಟಗೆ ಕೂತಳು. “ಡಾಕ್ಟ್ರು ಹೇಳಿದ ಮೇಲೆ ನಾನು ಸಾಯೋದನ್ನೇ ಕಾಯ್ತಿದ್ದೆ. ಅಲ್ಲಿ ಒಬ್ರು ಬೈರಾಗಿ ಸಿಕ್ಕಿದ್ರು. ನೀನು ನಡೀತೀಯ ತಾಯಿ ಅಂದ್ರು. ನಾನು ನಡೀತೀನಿ.”

ಬಹುದು ಇಲ್ಲ, ಗಿಹುದು ಇಲ್ಲ. ನಾನು ನಡೀತೀನಿ ಅಂದಳು, ಬಿಕ್ಕಲಿಲ್ಲ. ಸಭೆಯಲ್ಲಿ ಪಿಸುಮಾತು ಎದ್ದಿತು. ಡಾಕ್ಟರು ತಲೆ ತಗ್ಗಿಸಿದರು. ಗಿರಿಜಕ್ಕ ಮಾತ್ರ ಬಿಡಲಿಲ್ಲ. “ಮಂಗಳಾ, ನನ್ನ ಮಗಳೂ ಹಿಂಗೇ ಅಂದಿದ್ದು. ಅವನು ಬರ್ತಾನೆ ಅಂತ. ಅವಳೂ ಬಿಕ್ಕಲಿಲ್ಲ. ಯಾರೇ ಅದು ನಿನ್ನ ಬೈರಾಗಿ? ನಿನ್ನ ಕಾಲು ನೋಡಿದಾನಾ?” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ನನಗೆ ಚುಚ್ಚಿತು.

“ಸರಿಯಾದ ಮಾತು” ಅಂದರು ಹಾಲಪ್ಪನವರು. “ಆ ಬೈರಾಗಿ ಈ ಊರಿನವನೇ ಆಗಿದ್ರೆ ಎದ್ದು ನಿಲ್ಲಲಿ. ಅಲ್ಲಿ ಬರೆದದ್ದನ್ನ ಇಲ್ಲಿ ಬಾಯಲ್ಲಿ ಹೇಳ್ಲಿ.”

ನಾನು ನಿಂತೇ ಇದ್ದೆ. ಮಂಗಳ ಸಭೆಯನ್ನೆಲ್ಲ ಹುಡುಕಿದಳು. ಹಿಂದಿನ ಸಾಲು, ಕಿಟಕಿಯ ಹತ್ತಿರದವರು, ಬಾಗಿಲಲ್ಲಿ ನಿಂತವರು, ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಮಹಾನುಭಾವರು ಇಲ್ಲೇ ಇದ್ದಾರೆಯೇ ಅಂತ ಅವಳ ಕಣ್ಣು ಹೊಳೆಯುತ್ತಿತ್ತು. ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ನೋಡಿದಳು. ನಾನು ತೆಪ್ಪಗಿರಬಹುದಿತ್ತು. ತೆಪ್ಪಗಿದ್ದರೆ ಗಿರಿಜಕ್ಕ ಠರಾವು ಹೇಳುತ್ತಾಳೆ, ಇವತ್ತು ಸಂಜೆಗೇ ಆಟ ಬಂದ್. ಬಾವಿ ಹತ್ತಿರ ಕಾದು ಕಾದು, ಬೈರಾಗಿಗೆ ದಾರಿಯಲ್ಲಿ ಏನಾದರೂ ಆಯಿತೇ ಅಂತ ಇವಳೂ ಕೇಳುತ್ತಾಳೆ.

“ನಾನೇ” ಅಂದೆ.

ಬಿಕ್ಕಳಿಕೆ ಬರಲಿಲ್ಲ. ಮಂಗಳನ ಕಣ್ಣು ಬಂದು ನನ್ನ ಮೇಲೆ ನಿಂತಿತು. ಹಾಲಪ್ಪನವರು ಮೆತ್ತಗೆ, “ಹಂಗಾದ್ರೆ ಹೇಳಪ್ಪಾ” ಅಂದರು. ಅವರಿಗೂ ಬೇಡವಾಗಿತ್ತು ಅನ್ನಿಸುತ್ತದೆ. ನಾನು ಕಣ್ಣು ಮುಚ್ಚಿದೆ. ಅವಳು ಹೂವಿನ ಬುಟ್ಟಿ ಹೊತ್ತು ಬಿರಬಿರನೆ ನಡೆಯುತ್ತಿದ್ದದ್ದನ್ನು ನೆನೆದೆ, ಅಲ್ಲಾಡಿದ ಹೆಬ್ಬೆರಳನ್ನು ನೆನೆದೆ, ಎದೆಯಲ್ಲಿದ್ದ ನಂಬಿಕೆಯನ್ನೆಲ್ಲ ಗುಡ್ಡೆಹಾಕಿಕೊಂಡು ಹೇಳಿದೆ. “ನೀನು ನಡೀತೀಯ ಮಂಗಳಾ.”

ಉಸಿರು ಬಿಗಿಹಿಡಿದೆ. ಬಂತು. ಹಾಳಾದ್ದು, ಬಾಗಿಲಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿ ಬಂತು.

ಯಾರೂ ನಗಲಿಲ್ಲ. ಯಾರೋ ಚೊಂಬು ಕೈಗೆ ಕೊಟ್ಟರು. ನಾನು ಕುಡಿಯಲಿಲ್ಲ. ಅವಳ ಕಡೆ ನೋಡುವ ಧೈರ್ಯ ನನಗೆ ಇರಲಿಲ್ಲ. ನನ್ನ ಕೈಯಾರೆ ಅವಳ ತಟ್ಟೆ ಕಸಿದುಕೊಂಡ ಹಾಗಾಗಿತ್ತು.

“ಅಯ್ಯೋ, ನಂಗೆ ಮೊದ್ಲೇ ಗೊತ್ತಿತ್ತು ಬಿಡ್ರಿ, ಆ ಬೈರಾಗಿ ನೀವೇ ಅಂತ” ಅಂದಳು ಮಂಗಳ. ಅಂದು, ಬಿಕ್ಕಿದಳು.

ನಾನು ತಿರುಗಿ ನೋಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬಿಕ್ಕಿದ್ದನ್ನು ನಾನು ಕಂಡಿರಲಿಲ್ಲ. ಬಾಡಿದ ಹೂವನ್ನು ಬಾಡಿದ್ದು ಅಂತಲೇ ಮಾರಿದ ಹೆಂಗಸು, ನನ್ನ ಮರ್ಯಾದೆ ಉಳಿಸಲು ಊರಿನೆದುರು ಸುಳ್ಳು ಹೇಳಿದ್ದಳು. ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು. ಇನ್ನೊಮ್ಮೆ ಬಿಕ್ಕಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಹಾಲಪ್ಪನವರ ಕಡೆ ತಿರುಗಿದಳು. “ಇವರು ಹೇಳಿದ್ದು ಸುಳ್ಳು. ಆಯ್ತಲ್ಲ, ಎಲ್ರೂ ಕೇಳಿಸ್ಕೊಂಡ್ರಿ. ಆದ್ರೆ ನಾನು ಉಂಡಿದ್ದು ನಿಜ. ನನ್ನ ಹೆಬ್ಬೆರಳು ಅಲ್ಲಾಡೋದೂ ನಿಜ. ಬೇಕಾದ್ರೆ ಬಂದು ನೋಡ್ರಿ.”

ಗಿರಿಜಕ್ಕನೇ ಬಗ್ಗಿ ಸೀರೆಯ ಅಂಚು ಸರಿಸಿದಳು. ಡಾಕ್ಟರೂ ಎದ್ದು ಬಂದರು. ಮಂಗಳ ಹಲ್ಲು ಕಚ್ಚಿದಳು. ಹೆಬ್ಬೆರಳು ಅಲ್ಲಾಡಿತು.

ಹಾಲಪ್ಪನವರು ಗಂಟಲು ಸರಿಮಾಡಿಕೊಂಡು, “ಗಿರಿಜಮ್ಮ, ನಿಮ್ಮ ಠರಾವು ಹೇಳ್ರಿ” ಅಂದರು. ಗಿರಿಜಕ್ಕ ನೆಟ್ಟಗಾದಳು. “ಈ ಆಟದಿಂದ ನಮ್ಮೂರಿಗೆ ಕೆಡುಕಾಗಿದೆ” ಅಂದಳು. ಅಲ್ಲಿಗೆ ನಿಂತಳು. ಮುಂದಿನದಕ್ಕೆ ಬಾಯಿ ತೆರೆದು ಮಂಗಳನ ಪಾದದ ಕಡೆ ನೋಡಿದಳು. “ಇಷ್ಟೇ ಹೇಳ್ತೀನಿ. ಉಳಿದಿದ್ದು ನನ್ನ ಬಾಯಲ್ಲಿ ಬರಲ್ಲ” ಅಂದು ಕೂತುಬಿಟ್ಟಳು. ಅರ್ಧ ಹೇಳಿದ ಠರಾವನ್ನು ಏನು ಮಾಡಬೇಕು ಅಂತ ಹಾಲಪ್ಪನವರಿಗೂ ಗೊತ್ತಿರಲಿಲ್ಲ. ಸಭೆ ಮುಗಿಯಿತು ಅಂದರು. ಹೊರಗೆ ಬರುವಾಗ ಗಿರಿಜಕ್ಕ ನನ್ನ ತೋಳು ಹಿಡಿದು ನಿಲ್ಲಿಸಿ, “ನನ್ನ ಮಗಳನ್ನ ನಾಳೆ ನಿನ್ನ ಅಂಗಡಿಗೆ ಕಳಿಸ್ತೀನಿ. ಸುಳ್ಳು ಹೆಂಗಿರುತ್ತೆ ಅಂತ ಒಂದೆರಡು ಹೇಳಿ ತೋರಿಸು. ನೀನಂತೂ ಪಳಗಿದೀಯ” ಅಂದಳು.

ದಾರಿಯುದ್ದಕ್ಕೂ ಕುರ್ಚಿ ಕಿರ್ರ್ ಅನ್ನುತ್ತಿತ್ತು. ಮನೆಗೆ ಬಂದು ಅವಳನ್ನು ಮಂಚದ ಮೇಲೆ ಕೂರಿಸಿದೆ. ಅವಳು, “ತಾಳ್ರಿ, ಒಂದ್ಸಲ ನೋಡ್ತೀನಿ” ಅಂದಳು. ಆಮೇಲೆ ಮೆಲ್ಲಗೆ, “ನಾನು ನಡೀತೀನಿ” ಅಂದಳು.

ಬಿಕ್ಕಳಿಕೆ ಬಂತು.

ನಾನು ಅವಳ ಕಾಲ ಹತ್ತಿರ ಕೂತೆ. “ತಪ್ಪಾಯ್ತು ಮಂಗಳಾ” ಅಂದೆ. ಅವಳು ಗೋಡೆ ಕಡೆ ನೋಡಿದಳು. ಈಗ ತಿರುಗುತ್ತಾಳೆ, ಇನ್ನು ಈ ಕಡೆ ನೋಡುವುದಿಲ್ಲ ಅಂದುಕೊಂಡೆ. ತಿರುಗಲಿಲ್ಲ. “ಚೊಂಬು ತಗೊಂಡು ಬನ್ರಿ” ಅಂದಳು. ತಂದು ಕೊಟ್ಟೆ. “ನನಗಲ್ಲ, ನಿಮಗೆ. ಈಗ ಬೈರಾಗಿ ಹೇಳಿದ್ದು ಹೇಳ್ರಿ.”

“ಬಿಕ್ಕಳಿಕೆ ಬರುತ್ತಲ್ಲೇ.”

“ಬರ್ಲಿ. ಡಾಕ್ಟ್ರು ನಿಜ ಹೇಳಿ ಮನೆಗೆ ಹೋದ್ರು. ನೀವು ಸುಳ್ಳು ಹೇಳೋಕೆ ಅಂತ ಗಡ್ಡ ಬಿಟ್ರಿ. ಹೇಳ್ರಿ, ನಾನು ಕಾಲೆತ್ತಬೇಕು.”

ಹೇಳಿದೆ. ಬಿಕ್ಕಿದೆ. ಅವಳು ಕಾಲೆತ್ತಲು ನೋಡಿದಳು. ಮತ್ತೆ ಹೇಳಿದೆ, ಮತ್ತೆ ಬಿಕ್ಕಿದೆ. ಅವಳಿಗೆ ನಗು ಬಂತು, ನಗುತ್ತಲೇ ಹಲ್ಲು ಕಚ್ಚಿದಳು.

ಅವತ್ತಿನಿಂದ ಬೆಳಿಗ್ಗೆ ಸಂಜೆ ಇದೇ ನಡೆಯುತ್ತಿದೆ. ಆಟ ಇನ್ನೂ ಊರಿನಲ್ಲಿದೆ, ಅರ್ಧ ಠರಾವೂ ಇದೆ. ಸಂಪಿಗೆ ಓಲೆ ಹಂಚುತ್ತಾಳೆ, ಬೈರಾಗಿಯನ್ನು ಕಂಡರೆ ಅಡ್ಡಬೀಳುವ ಬದಲು ಸಂಜೆಗೆ ಸೊಪ್ಪು ತರಲು ಹೇಳುತ್ತಾಳೆ. ಮೊನ್ನೆಯಿಂದ ಅವಳ ಪಾದ ಹಿಮ್ಮಡಿಯವರೆಗೆ ಅಲ್ಲಾಡುತ್ತಿದೆ. ಡಾಕ್ಟರು ಬಂದು ನೋಡಿದರು, ಏನೂ ಹೇಳಲಿಲ್ಲ. ಏನೂ ಹೇಳದೆ ಹೋದದ್ದಕ್ಕೆ ನನಗೆ ಭಯವೂ ಆಯಿತು, ಆಸೆಯೂ ಆಯಿತು. ಇದನ್ನೆಲ್ಲ ಬರೆಯುವಾಗ ಪಕ್ಕದಲ್ಲಿ ಚೊಂಬು ಇಟ್ಟುಕೊಂಡಿದ್ದೆ. ಇಲ್ಲಿಯವರೆಗೆ ಅದು ಬೇಕಾಗಲಿಲ್ಲ. ಒಳಗೆ ಮಂಗಳ ಮುಲುಗುತ್ತಾ ಕಾಲೆತ್ತಲು ನೋಡುತ್ತಿರುವುದು ಕೇಳಿಸುತ್ತಿದೆ. ಇನ್ನೊಂದೇ ಸಾಲು ಬರೆಯುವುದಿದೆ.

ನನ್ನ ಹೆಂಡತಿ ನಡೆಯುತ್ತಾಳೆ.

ಬರೆದು ಪೆನ್ನು ಕೆಳಗಿಟ್ಟಿದ್ದೇನೆ. ಉಸಿರು ಬಿಗಿಹಿಡಿದು ಕಾಯುತ್ತಿದ್ದೇನೆ.